ಬಕೆಟ್ ಹೊರೋರು ಯಾರು? ಬೇಸ್‌ಮೆಂಟ್ ಡಿಹ್ಯೂಮಿಡಿಫೈಯರ್‌ನ ನೀರು ತಾನಾಗಿಯೇ ಹರಿದುಹೋಗೋ ಹಾಗೆ ಮಾಡುವುದು

ಬೆಂಗಳೂರಿನಲ್ಲಿ ನಾವು ಕೆಲವು ಗೆಳೆಯರು ಸೇರಿ ಒಂದು ಪುಟ್ಟ ಸಂಗ್ರಹ ನಡೆಸುತ್ತಿದ್ದೇವೆ. ಬಾಡಿಗೆ ಕಡಿಮೆ ಅಂತ ಅದು ಬೇಸ್‌ಮೆಂಟಿನಲ್ಲಿದೆ. ಎಂಬತ್ತರ ದಶಕದ ರೈತ ಸಂಘದ ಕರಪತ್ರಗಳು, ಗೋಕಾಕ್ ಚಳವಳಿಯ ಕಾಲದ ಭಿತ್ತಿಪತ್ರಗಳು, ದಲಿತ ಸಂಘರ್ಷ ಸಮಿತಿಯ ಹ್ಯಾಂಡ್‌ಬಿಲ್‌ಗಳು, ನಿಂತುಹೋದ ಸಣ್ಣ ಪತ್ರಿಕೆಗಳ ಬಿಡಿ ಸಂಚಿಕೆಗಳು. ಹಾಳಾದರೆ ಇನ್ನೊಂದು ಪ್ರತಿ ಎಲ್ಲಿ ಸಿಗುತ್ತೆ ಅಂತ ಹೇಳೋಕಾಗದ ಕಾಗದಗಳಿವು. 2024ರ ಜುಲೈನಲ್ಲಿ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ಸೆಂಟರ್ ಒಂದರ ಬೇಸ್‌ಮೆಂಟ್ ಲೈಬ್ರರಿಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತ ಮೇಲೆ, ಕೂತು ಓದೋ ಜಾಗವನ್ನ ನಾವು ಮೇಲಿನ ಮಹಡಿಗೆ ಸಾಗಿಸಿದ್ವಿ. ಈಗ ಕೆಳಗಿರೋದು ಕಾಗದ ಮಾತ್ರ.

ಕಳೆದ ಮಳೆಗಾಲದ ಒಂದು ಸೋಮವಾರ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಕೆಳಗಿನ ರ‍್ಯಾಕಿನ ಎರಡು ಕಟ್ಟುಗಳ ಮೇಲೆ ಬಿಳಿ ಬೂಷ್ಟು. ಡಿಹ್ಯೂಮಿಡಿಫೈಯರ್ ಪ್ಲಗ್‌ನಲ್ಲೇ ಇತ್ತು, ಸ್ವಿಚ್ಚೂ ಆನ್ ಇತ್ತು, ಆದರೆ ಯಂತ್ರ ಸುಮ್ಮನೆ ನಿಂತಿತ್ತು. ಬಕೆಟ್ ತುಂಬಿದೆ ಅನ್ನೋ ಕೆಂಪು ದೀಪ ಉರಿಯುತ್ತಿತ್ತು, ಅಷ್ಟೇ.

ಯಂತ್ರದ ಒಳಗೆ ಆಗೋದು ಇಷ್ಟು. ಫ್ಯಾನ್ ಕೋಣೆಯ ಗಾಳಿಯನ್ನ ಎಳೆದು ತಣ್ಣನೆಯ ಕಾಯಿಲ್ ಮೇಲೆ ಹಾಯಿಸುತ್ತೆ. ಐಸ್ ಹಾಕಿದ ಲೋಟದ ಹೊರಗೆ ನೀರು ಕಟ್ಟಿಕೊಳ್ಳೋ ಹಾಗೆ ಗಾಳಿಯ ತೇವ ಕಾಯಿಲ್ ಮೇಲೆ ಹನಿಯಾಗುತ್ತೆ, ತಟ್ಟೆಗೆ ಇಳಿಯುತ್ತೆ, ಅಲ್ಲಿಂದ ಬಕೆಟ್ಟಿಗೆ ಬೀಳುತ್ತೆ. ಬಕೆಟ್ ತುಂಬಿದರೆ ಅದರೊಳಗಿನ ಫ್ಲೋಟ್ ಮೇಲೆದ್ದು ಸ್ವಿಚ್ ಕಡಿದು ಕಂಪ್ರೆಸರ್ ನಿಲ್ಲಿಸುತ್ತೆ. ನೀರು ನೆಲಕ್ಕೆ ಚೆಲ್ಲಬಾರದು ಅಂತ ಮಾಡಿರೋ ಒಳ್ಳೆ ವ್ಯವಸ್ಥೆಯೇ ಅದು. ಆದರೆ ಅಲ್ಲಿಂದಾಚೆಗೆ ಯಂತ್ರ ಕೆಲಸ ಮಾಡಬೇಕಾದರೆ ಯಾರಾದರೂ ಬಂದು ಬಕೆಟ್ ಖಾಲಿ ಮಾಡಬೇಕು.

ಲೆಕ್ಕ ಹಾಕಿ ನೋಡಿ. ಮಳೆಗಾಲದಲ್ಲಿ ನಮ್ಮ ಯಂತ್ರ ದಿನಕ್ಕೆ ಸುಮಾರು 12 ಲೀಟರ್ ತೆಗೆಯುತ್ತೆ, ಅಂದರೆ ಗಂಟೆಗೆ ಅರ್ಧ ಲೀಟರ್. ಬಕೆಟ್ ಇರೋದು 5 ಲೀಟರಿನದು. ಶನಿವಾರ ಸಂಜೆ 6ಕ್ಕೆ ಖಾಲಿ ಮಾಡಿ ಹೋದರೆ ಭಾನುವಾರ ಬೆಳಗಿನ ಜಾವ 4ಕ್ಕೆ ತುಂಬುತ್ತೆ. ಸೋಮವಾರ 10ಕ್ಕೆ ಬಾಗಿಲು ತೆಗೆಯೋವರೆಗೆ 30 ಗಂಟೆ ಯಂತ್ರ ಬಂದ್. ಡಬ್ಬದ ಮೇಲೆ ದಿನಕ್ಕೆ 20 ಲೀಟರ್ ಅಂತ ಬರೆದಿದೆಯಲ್ಲ ಅನ್ನಬಹುದು. ಇಲ್ಲಿ ಮಾರೋ ಯಂತ್ರಗಳ ಮೇಲಿನ ಆ ಅಂಕಿ ಸಾಮಾನ್ಯವಾಗಿ 30 ಡಿಗ್ರಿ ಉಷ್ಣಾಂಶ, ಶೇ. 80 ತೇವಾಂಶದಲ್ಲಿ ಅಳೆದದ್ದು. ಕೋಣೆ ಅದಕ್ಕಿಂತ ತಂಪಾಗಿದ್ದರೆ ಅಷ್ಟು ಬರಲ್ಲ.

ವಾರದ ದಿನಗಳಲ್ಲಿ ಬಕೆಟ್ ಖಾಲಿ ಮಾಡುತ್ತಿದ್ದವರು ಕಟ್ಟಡದ ವಾಚ್‌ಮನ್ ಅಣ್ಣ. ನಮ್ಮ ಕೋಣೆಯಲ್ಲಿ ಡ್ರೈನ್ ಇಲ್ಲ. ಹಾಗಾಗಿ ದಿನಕ್ಕೆ ಎರಡು ಮೂರು ಸಲ, ಐದು ಲೀಟರ್ ಹೊತ್ತು 18 ಮೆಟ್ಟಿಲು ಹತ್ತಬೇಕಿತ್ತು. ಅವರ ಡ್ಯೂಟಿಯಲ್ಲಿ ಇದು ಎಲ್ಲೂ ಇಲ್ಲ. ನಾವೂ ಕೊಟ್ಟಿದ್ದು ಹಬ್ಬಕ್ಕೊಂದು ಲಕೋಟೆ ಮಾತ್ರ. ಹಿಂದಿನ ವರ್ಷವೇ ಸಭೆಯಲ್ಲಿ ಪೈಪ್ ಮಾತು ಬಂದಿತ್ತು. 'ಹೇಗಿದ್ರೂ ಅಣ್ಣ ಇದಾರಲ್ಲ' ಅಂತ ಯಾರೋ ಅಂದರು, ಎಲ್ಲರೂ ತಲೆಯಾಡಿಸಿದೆವು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಈ ಕಸುಬಿಗೆ ಬಂದ ನಾನೂ ತಲೆಯಾಡಿಸಿದವನೇ. ಸುತ್ತ ರ‍್ಯಾಕುಗಳ ತುಂಬ ಕೂಲಿ, ದುಡಿಮೆ, ಘನತೆಯ ಬಗೆಗಿನ ಕರಪತ್ರಗಳು. ಬೂಷ್ಟು ಹಿಡಿದದ್ದು ಅವುಗಳಿಗೇ.

ಪೈಪ್ ಹಾಕೋದು

ಬಹುತೇಕ ಯಂತ್ರಗಳ ಹಿಂಬದಿಯಲ್ಲಿ ರಬ್ಬರ್ ಬಿರಡೆ ಹಾಕಿದ ಒಂದು ತೂತು ಇರುತ್ತೆ. ಕೊಂಡವರಲ್ಲಿ ಎಷ್ಟೋ ಜನ ಅದನ್ನ ನೋಡಿಯೇ ಇರಲ್ಲ. ಬಿರಡೆ ತೆಗೆದು ಅಲ್ಲಿಗೆ ಪೈಪ್ ಸಿಕ್ಕಿಸಿದರೆ ನೀರು ಬಕೆಟ್ ಬದಲು ಪೈಪಿನಲ್ಲಿ ಹೋಗುತ್ತೆ. ಕೆಲವು ಮಾದರಿಗಳಲ್ಲಿ ಪೈಪ್ ಹಾಕಿದ ಮೇಲೂ ಬಕೆಟ್ ತನ್ನ ಜಾಗದಲ್ಲಿ ಕೂತಿರಬೇಕು, ಇಲ್ಲದಿದ್ದರೆ ಯಂತ್ರ ಶುರುವಾಗಲ್ಲ. ಹೇಗಿದ್ದರೂ ಅದನ್ನ ಅಲ್ಲೇ ಬಿಡಿ. ಪೈಪ್ ಕಟ್ಟಿಕೊಂಡ ದಿನ ನೀರು ಉಕ್ಕಿ ಬಕೆಟ್ಟಿಗೆ ಬಿದ್ದು ಯಂತ್ರ ನಿಂತರೆ ಅದೇ ನಿಮ್ಮ ರಕ್ಷಣೆ.

ಪೈಪ್ ತರೋಕೆ ಹೋದಾಗ ಅರ್ಧ ದಿನ ಹಾಳಾಗೋದು ಥ್ರೆಡ್ ವಿಚಾರದಲ್ಲಿ. ಈ ಯಂತ್ರ ಮನೆಬಳಕೆಯ ಮಾಮೂಲಿ ವಸ್ತುವಾಗಿರೋದು ಅಮೆರಿಕ, ಕೆನಡಾದಲ್ಲಿ. ಅಲ್ಲಿ ಚಳಿಗಾಲದಲ್ಲಿ ನೆಲ ಆಳದವರೆಗೂ ಹೆಪ್ಪುಗಟ್ಟುತ್ತೆ ಅಂತ ಪಾಯವನ್ನ ಕೆಳಗೆ ಇಳಿಸುತ್ತಾರೆ, ಹಾಗೆ ಹುಟ್ಟಿದ ಬೇಸ್‌ಮೆಂಟಿನಲ್ಲಿ ಬೇಸಿಗೆಯ ಸೆಕೆಗಾಳಿ ತಣ್ಣನೆಯ ಗೋಡೆಗೆ ತಾಗಿ ಬೆವರುತ್ತೆ. ಹಾಗಾಗಿ ಕೆಲವು ಯಂತ್ರಗಳ ಬಾಯಿ ಅಲ್ಲಿನ ಗಾರ್ಡನ್ ಹೋಸಿನ ಅಳತೆಯದು. ಅದೂ ಮುಕ್ಕಾಲು ಇಂಚು, ನಮ್ಮ ನಲ್ಲಿಯದೂ ಮುಕ್ಕಾಲು ಇಂಚು. ಆದರೆ ಅದರಲ್ಲಿ ಇಂಚಿಗೆ 11.5 ಸುತ್ತು, ನಮ್ಮದರಲ್ಲಿ 14. ಒಂದೆರಡು ಸುತ್ತು ಹಿಡಿದ ಹಾಗೆ ಮಾಡಿ ಆಮೇಲೆ ಸೋರುತ್ತೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಅಷ್ಟೇ. ಥ್ರೆಡ್ ಇಲ್ಲದ ಮೂತಿಯಿದ್ದರೆ ಅದರ ಹೊರಮೈ ಅಳೆದು, ಬಿಗಿಯಾಗಿ ಕೂರೋ ಪಾರದರ್ಶಕ ಪಿವಿಸಿ ಟ್ಯೂಬ್ ತನ್ನಿ (ಮೇಸ್ತ್ರಿಗಳು ಲೆವೆಲ್ ನೋಡೋಕೆ ಬಳಸೋದು ಅದನ್ನೇ). ಮೇಲೆ ಒಂದು ಸ್ಟೀಲ್ ಹೋಸ್ ಕ್ಲಿಪ್ ಬಿಗಿಯಿರಿ. ಅಮೆರಿಕದಿಂದ ವಾಪಸ್ ಬರೋ ಅಕ್ಕನೋ ಭಾವನೋ ಯಂತ್ರವನ್ನೇ ಹೊತ್ತು ತರುತ್ತೀನಿ ಅಂದರೆ ಬೇಡ ಅನ್ನಿ. ಅಲ್ಲಿನ ಕರೆಂಟ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230, 50.

ಗಂಟೆಗೆ ಅರ್ಧ ಲೀಟರ್ ಅಂದರೆ ನಿಮಿಷಕ್ಕೆ ಬರೀ 8 ಮಿಲಿಲೀಟರ್. ನೀರು ಹೋಗೋಕೆ ಸಣ್ಣ ಟ್ಯೂಬೇ ಸಾಕು. ಆದರೂ ಅರ್ಧ ಇಂಚಿಗಿಂತ ಸಣ್ಣದು ಬೇಡ ಅನ್ನೋದು ಲೋಳೆಯ ಕಾರಣಕ್ಕೆ. ಧೂಳು, ತೇವ, ಕತ್ತಲೆ ಮೂರೂ ಇರೋ ಪೈಪಿನಲ್ಲಿ ತಿಂಗಳೆರಡು ತಿಂಗಳಿಗೆ ಲೋಳೆ ಕಟ್ಟುತ್ತೆ. ತಿಂಗಳಿಗೊಮ್ಮೆ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ವಿನಿಗರ್ ಹಾಕಿ ತೊಳೆದರೆ ಆಯಿತು. ಬ್ಲೀಚ್ ಯಂತ್ರದೊಳಕ್ಕೆ ಹೋಗಬಾರದು, ಕಾಯಿಲಿನ ಲೋಹ ತಿನ್ನುತ್ತೆ.

ಇನ್ನುಳಿದದ್ದು ಇಳಿಜಾರು. ಮೇಸ್ತ್ರಿಗಳ ಭಾಷೆಯಲ್ಲಿ ವಾಟ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕನಿಷ್ಠ, ಎರಡಿದ್ದರೆ ನೆಮ್ಮದಿ. ನಮ್ಮ ಕೋಣೆಯಲ್ಲಿ ಡ್ರೈನ್ ಇಲ್ಲ ಅಂದೆನಲ್ಲ, ಆದರೆ ಹೊರಗೆ ಪಾರ್ಕಿಂಗ್ ಮೂಲೆಯಲ್ಲಿ ಒಸರುನೀರಿನ ಸಂಪ್ ಇದೆ, ಫ್ಲೋಟ್ ಇರೋ ಮೋಟಾರ್ ಸಮೇತ. ದೂರ 9 ಮೀಟರ್, ಬೇಕಾದ ಇಳಿತ 18 ಸೆಂಟಿಮೀಟರ್. ನಡುವೆ, 4 ಮೀಟರ್ ದೂರದಲ್ಲಿ, 15 ಸೆಂಟಿಮೀಟರ್ ಎತ್ತರದ ಹೊಸ್ತಿಲು. ಯಂತ್ರವನ್ನ 20 ಸೆಂಟಿಮೀಟರಿನ ಎರಡು ಸಿಮೆಂಟ್ ಬ್ಲಾಕ್ ಮೇಲೆ ಕೂರಿಸಿದೆವು. ಬಾಯಿ ನೆಲದಿಂದ 32 ಸೆಂಟಿಮೀಟರಿಗೆ ಬಂತು, ಹೊಸ್ತಿಲ ಹತ್ತಿರ ಪೈಪ್ 24ರಲ್ಲಿ ದಾಟಿತು. ಟ್ಯೂಬನ್ನ ಅಷ್ಟು ದೂರ ಎಳೆದರೆ ನಡುನಡುವೆ ಜೋತುಬಿದ್ದು, ಆ ಹೊಟ್ಟೆಗಳಲ್ಲಿ ನೀರು ನಿಂತು ಗಾಳಿ ಕಟ್ಟುತ್ತೆ. ಅದಕ್ಕೇ ಯಂತ್ರದಿಂದ ಒಂದು ಮೀಟರ್ ಮಾತ್ರ ಟ್ಯೂಬ್, ಆಮೇಲೆ ಗೋಡೆಗೆ ಕ್ಲಾಂಪ್ ಹೊಡೆದ ಗಟ್ಟಿ ಪಿವಿಸಿ ಪೈಪ್. ಒಂದು ಭಾನುವಾರದ ಕೆಲಸ.

ನಿಮ್ಮಲ್ಲಿ ನಹಾನಿ ಟ್ರ್ಯಾಪ್ ಇದ್ದರೆ ಇನ್ನೂ ಸುಲಭ. ಆದರೆ ಪೈಪಿನ ತುದಿಯನ್ನ ಚರಂಡಿ ನೀರಿನೊಳಕ್ಕೆ ತುರುಕಬೇಡಿ. ಜಾಲರಿಯ ಮೇಲೆ ಎರಡು ಬೆರಳು ಜಾಗ ಬಿಟ್ಟು ನಿಲ್ಲಿಸಿ, ಇಲ್ಲದಿದ್ದರೆ ನಾತ, ಕೆಲವೊಮ್ಮೆ ಚರಂಡಿಯ ನೀರೇ, ಹಿಂದಕ್ಕೆ ಬರೋ ದಾರಿ ಆಗುತ್ತೆ.

ನೀರು ಮೇಲಕ್ಕೆ ಹೋಗಬೇಕಾದರೆ

ಸಂಪೂ ಇಲ್ಲ, ಡ್ರೈನೂ ಇಲ್ಲ ಅಂದರೆ ಪಂಪ್ ಬೇಕು. ಸ್ಪ್ಲಿಟ್ ಎಸಿ ಹಾಕೋರ ಹತ್ತಿರ ಡ್ರೈನ್ ಪಂಪ್ ಅಂತ ಕೇಳಿದರೆ ಸಿಗುತ್ತೆ. ಅದು ಪುಟ್ಟ ತೊಟ್ಟಿ, ಒಳಗೆ ಫ್ಲೋಟ್. ತುಂಬಿದಾಗ ತಾನೇ ಓಡಿ ಸಣ್ಣ ಟ್ಯೂಬಿನಲ್ಲಿ ನೀರನ್ನ ಮೇಲಕ್ಕೆ ತಳ್ಳುತ್ತೆ. ಡಬ್ಬದ ಮೇಲಿನ ಗರಿಷ್ಠ ಎತ್ತರವನ್ನ ನಂಬಿ ಕೊಳ್ಳಬೇಡಿ. ಆ ಎತ್ತರದಲ್ಲಿ ಹರಿವು ಹೆಚ್ಚುಕಡಿಮೆ ಸೊನ್ನೆ. ನಿಮಗೆ 3 ಮೀಟರ್ ಬೇಕಿದ್ದರೆ ಅದಕ್ಕಿಂತ ಸಾಕಷ್ಟು ಹೆಚ್ಚಿನದ್ದನ್ನೇ ತನ್ನಿ. ಮೇಲೆ ಹೋದ ನೀರು ವಾಪಸ್ ಇಳಿಯದ ಹಾಗೆ ನಾನ್-ರಿಟರ್ನ್ ವಾಲ್ವ್ ಇದೆಯಾ ನೋಡಿ. ಹಲವು ಪಂಪುಗಳಿಂದ ಎರಡು ಸಣ್ಣ ವೈರ್ ಬೇರೆಯಾಗಿ ಹೊರಬಂದಿರುತ್ತವೆ. ಪಂಪ್ ಕೆಟ್ಟು ತೊಟ್ಟಿ ತುಂಬಿದರೆ ಡಿಹ್ಯೂಮಿಡಿಫೈಯರ್ ನಿಲ್ಲಿಸೋ ಸ್ವಿಚ್ ಅದು. ಬೇಡ ಅಂತ ಕತ್ತರಿಸಿ ಎಸೆಯೋರನ್ನ ನೋಡಿದ್ದೇನೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಜೋಡಿಸಿಕೊಳ್ಳಿ.

ಇಳಿಜಾರು ಸಾಧ್ಯವಿರೋ ಕಡೆ ಪಂಪ್ ಬೇಡ ಅಂತ ನಾನು ಹಟ ಹಿಡಿಯೋದಕ್ಕೆ ಕಾರಣ ದುಡ್ಡಲ್ಲ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆಯ ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟಿಗೆ ನೀರು ತುಂಬಿತ್ತು. ಅದನ್ನ ಮೋಟಾರ್ ಹಚ್ಚಿ ಹೊರಹಾಕೋಕೆ ಹೋದ ಹಿರಿಯರೊಬ್ಬರು ಕರೆಂಟ್ ಹೊಡೆದು ಸತ್ತರು. ಜೊತೆಗೆ ಅಲ್ಲಿ ಕೆಲಸಕ್ಕಿದ್ದ ನೇಪಾಳಿ ಕುಟುಂಬದ 12 ವರ್ಷದ ಹುಡುಗನೂ ಸತ್ತ. ಒದ್ದೆ ನೆಲ, ಕೈಗೆ ಸಿಕ್ಕ ಎಕ್ಸ್‌ಟೆನ್ಷನ್ ಬೋರ್ಡ್, ಆತುರ: ಬೇಸ್‌ಮೆಂಟಿನಲ್ಲಿ ಇವು ಒಟ್ಟಿಗೆ ಸೇರೋದು ಅಪರೂಪವಲ್ಲ. ಪಂಪ್ ಇರಲಿ, ಬರೀ ಡಿಹ್ಯೂಮಿಡಿಫೈಯರ್ ಇರಲಿ, ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು, ಮೂರು ಪಿನ್ನಿನ ಪ್ಲಗ್ಗಿಗೆ ನಿಜವಾದ ಅರ್ಥಿಂಗ್ ಇರಬೇಕು, ಸಾಕೆಟ್ ಗೋಡೆಯ ಮೇಲೆ ಎತ್ತರದಲ್ಲಿರಬೇಕು. ನೆಲದಲ್ಲಿ ನೀರು ನಿಂತಿದ್ದರೆ ಮೇಲಿನ ಮೇನ್ ಆಫ್ ಮಾಡದೆ ಯಾರನ್ನೂ ಕೆಳಗಿಳಿಸಬೇಡಿ. ವಾಚ್‌ಮನ್ ಅಣ್ಣನನ್ನಂತೂ ಖಂಡಿತಾ ಬೇಡ.

ಕರೆಂಟ್ ಹೋಗಿ ಬಂದಾಗ ಯಂತ್ರ ತಾನೇ ಶುರುವಾಗುತ್ತಾ ಅನ್ನೋದನ್ನೂ ಪರೀಕ್ಷಿಸಿ. ಓಡುತ್ತಿರುವಾಗ ಸಾಕೆಟ್ಟಿನ ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿ. ಬಟನ್ ಒತ್ತದೆ ಎಚ್ಚರಗೊಂಡರೆ ಸರಿ. ಇಲ್ಲದಿದ್ದರೆ ಪೈಪ್ ಹಾಕಿಯೂ ಉಪಯೋಗವಿಲ್ಲ, ನಮ್ಮ ಊರಿನ ಒಂದು ಗುಡುಗಿಗೆ ಇಡೀ ವಾರಾಂತ್ಯ ಹೋಯಿತು.

ಬಕೆಟ್ ಹೋದರೆ ಹೋಗೋ ಮಾಹಿತಿ

ಪೈಪ್ ಹಾಕಿದ ಮೇಲೆ ಯಂತ್ರವನ್ನ ತಡೆಯೋರು ಯಾರೂ ಇಲ್ಲ. ನಮ್ಮದು 350 ವ್ಯಾಟಿನದು, ದಿನವಿಡೀ ಓಡಿದರೆ 8.4 ಯೂನಿಟ್. ಅದಕ್ಕೇ 'ಕಂಟಿನ್ಯುವಸ್' ಬಟನ್ ಬಿಟ್ಟು ಶೇ. 55ಕ್ಕೆ ಸೆಟ್ ಮಾಡಿ. ಬೂಷ್ಟು ತಡೆಯೋಕೆ ತೇವಾಂಶ ಶೇ. 60ರ ಕೆಳಗಿರಲಿ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಹೇಳುತ್ತೆ. ಕೋಣೆ ಸ್ವಲ್ಪ ಬೆಚ್ಚಗಾಗುತ್ತೆ, ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. ಆವಿ ನೀರಾಗುವಾಗ ಬಿಡೋ ಶಾಖ, ಕಂಪ್ರೆಸರಿನ ಶಾಖ ಎರಡೂ ಅಲ್ಲೇ ಉಳಿಯುತ್ತವೆ.

ಬಕೆಟ್ಟಿನ ಜೊತೆ ಹೋಗೋ ಇನ್ನೊಂದು ವಿಷಯವಿದೆ. ನಮ್ಮ ಕೋಣೆ 60 ಚದರ ಮೀಟರ್, ಎತ್ತರ 3 ಮೀಟರ್. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ಆವಿ ಹಿಡಿಯಬಲ್ಲದು. ತೇವಾಂಶವನ್ನ ಶೇ. 85ರಿಂದ 55ಕ್ಕೆ ಇಳಿಸೋಕೆ ಇಡೀ ಕೋಣೆಯ ಗಾಳಿಯಿಂದ ತೆಗೆಯಬೇಕಾದ ನೀರು ಬರೀ ಒಂದೂಕಾಲು ಲೀಟರ್. ಯಂತ್ರ ತೆಗೆಯುತ್ತಿದ್ದದ್ದು ದಿನಕ್ಕೆ 12. ಉಳಿದದ್ದು ಎಲ್ಲಿಂದ? ಗೋಡೆಯಿಂದ, ನೆಲದಿಂದ, ಬಾಗಿಲ ಸಂದಿಯಿಂದ ದಿನಾ ಹೊಸದಾಗಿ ಬರುತ್ತಿದೆ. ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ಗೋಡೆಯೇ ಒಸರುತ್ತಿದೆ, ಮುಂದೆ ಕಂಡರೆ ತೇವ ಗಾಳಿಯದು. ನಮ್ಮಲ್ಲಿ ಹಿಂದೆಯೇ ಇತ್ತು. ಆ ಗೋಡೆಯನ್ನ ಹೊರಗಿನಿಂದ ಸರಿಮಾಡಿಸಬೇಕಾದದ್ದು ಕಟ್ಟಡದ ಮಾಲೀಕರು, ಆ ಮಾತುಕತೆ ಇನ್ನೂ ನಡೀತಿದೆ.

ಈ ನೀರನ್ನ ಕುಡಿಯೋಕೂ ಬೇಡ, ಇನ್ವರ್ಟರ್ ಬ್ಯಾಟರಿಗೂ ಬೇಡ. ಧೂಳಿನ ಕಾಯಿಲ್ ತೊಳೆದು ಬಂದ ನೀರದು, ಡಿಸ್ಟಿಲ್ಡ್ ವಾಟರ್ ಅಲ್ಲ. ನೆಲ ಒರೆಸೋಕೆ, ಹೂವಿನ ಕುಂಡಕ್ಕೆ ಅಡ್ಡಿಯಿಲ್ಲ.

ಪೈಪ್ ಹಾಕಿದ ಎರಡನೇ ವಾರ ಅಣ್ಣ ಕೇಳಿದರು, 'ಸರ್, ಆ ನೀರು ಈಗ ಎಲ್ಲಿಗೆ ಹೋಗುತ್ತೆ?' ಗೇಟಿನ ಪಕ್ಕದ ಕುಂಡಗಳಿಗೆ, ಅವರೇ ನೆಟ್ಟ ದೊಡ್ಡಪತ್ರೆ, ತುಳಸಿ, ಒಂದು ಮೆಣಸಿನ ಗಿಡಕ್ಕೆ, ಅದನ್ನೇ ಹಾಕುತ್ತಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ. ಈಗ ಸಂಪಿನ ಮುಚ್ಚಳದ ಕೆಳಗೆ, ಪೈಪಿನ ಬಾಯಿಗೆ ಒಂದು ಪೇಂಟ್ ಡಬ್ಬ ನೇತುಹಾಕಿದ್ದೇವೆ. ತುಂಬಿ ಚೆಲ್ಲಿದ್ದು ಸಂಪಿಗೇ ಬೀಳುತ್ತೆ. ಅಣ್ಣ ಬೇಕಾದಾಗ ಒಂದು ಚೊಂಬು ಎತ್ತಿಕೊಳ್ಳುತ್ತಾರೆ. ತಿಂಗಳ ಮೊದಲ ಶನಿವಾರ ನಾನು ಅದೇ ಡಬ್ಬ ಖಾಲಿ ಮಾಡಿಟ್ಟು, ಆರು ಗಂಟೆಯಲ್ಲಿ ಎಷ್ಟು ಬಿತ್ತು ಅಂತ ಅಳೆದು ಬರೆದಿಡುತ್ತೇನೆ, ಮಾಲೀಕರಿಗೆ ತೋರಿಸೋಕೆ.