ಕಬ್ಬಿನ ಹಾಲೂ ಬಾಗಿದ ಬಾಣವೂ



ಪಿ.ಯು.ಸಿ. ವಿಜ್ಞಾನ ಓದುವ ನಿಮ್ಮ ಮಕ್ಕಳು ರಜೆಗೆ ಹಿಡಕಲ್ಲಿಗೆ ಬಂದಾಗ ನನ್ನ ಮುಂದಿಡುವ ದೂರು ಹೆಚ್ಚಾಗಿ ಒಂದೇ: "ಸರ್, ಸಮೀಕರಣ ಬರೀತೀವ್ರಿ. ಆದ್ರ ಮೆಕ್ಯಾನಿಸಂದಾಗ ಬಾಣ ಎಲ್ಲಿಂದ ಎಲ್ಲಿಗೆ ಹಾಕಬೇಕಂತ ತಿಳಿಯೂದಿಲ್ರಿ." ಈ ದೂರಿನಲ್ಲಿ ಹುರುಳಿದೆ. ಹೈಸ್ಕೂಲಿನಲ್ಲಿ ನಾವು ಕಲಿಸುವುದು ಸಮೀಕರಣವನ್ನು ಮಾತ್ರ. ಎಡಕ್ಕೆ ಏನಿತ್ತು, ಬಲಕ್ಕೆ ಏನಾಯಿತು, ಅಷ್ಟೆ. ನಡುವೆ ಯಾವ ಬಂಧ ಮೊದಲು ಮುರಿಯಿತು, ಯಾವುದು ಆಮೇಲೆ ಕೂಡಿತು ಎಂಬ ವಿವರವೇ ಮೆಕ್ಯಾನಿಸಂ, ಎಂದರೆ ಕ್ರಿಯಾವಿಧಾನ. ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಅದನ್ನು ಇಂಗ್ಲಿಷಿನಲ್ಲಿ ರಂಗೋಲಿಯಂತೆ ಬಾಯಿಪಾಠ ಮಾಡುತ್ತಾರೆ. ಪ್ರಶ್ನೆಯಲ್ಲಿ ಒಂದು ಅಣು ಬದಲಾದರೆ ಸಾಕು, ರಂಗೋಲಿ ಅಳಿಸಿಹೋಗುತ್ತದೆ. "ವಿಜ್ಞಾನ ನಮಗಲ್ಲ" ಎಂದು ಬೇರೆ ವಿಷಯಕ್ಕೆ ಹೋದ ಜಾಣ ಮಕ್ಕಳನ್ನು ನಾನು ಬಲ್ಲೆ. ಈ ಬಾಣದ ಇತಿಹಾಸವನ್ನು ಮೊದಲು ಹೇಳಿ ಆಮೇಲೆ ಬಾಣ ಹಾಕಿಸಿದ್ದರೆ ಅವರಲ್ಲಿ ಕೆಲವರಾದರೂ ಉಳಿಯುತ್ತಿದ್ದರೆಂಬುದು ನನ್ನ ನಂಬಿಕೆ.

ಆ ಇತಿಹಾಸದ ಮೊದಲ ಅಧ್ಯಾಯವಿರುವುದು ನಮ್ಮ ಹೊಲದ ಬೆಳೆಯಲ್ಲಿಯೇ. ಘಟಪ್ರಭೆಯ ನೀರು ಕಾಲುವೆಗೆ ಹರಿದ ಮೇಲೆ ನಮ್ಮ ಸೀಮೆಯಲ್ಲಿ ಕಬ್ಬು ಹಬ್ಬಿದ್ದನ್ನು ನೀವೆಲ್ಲ ಬಲ್ಲಿರಿ. ಕಡಿದ ಕಬ್ಬನ್ನು ಬಹಳ ದಿನ ಇಡಬಾರದು, ಹುಳಿತ ಹಾಲಿನಿಂದ ಬೆಲ್ಲ ಗಟ್ಟಿ ಕಟ್ಟುವುದಿಲ್ಲ, ಕುದಿಸುವಾಗ ತುಸು ಸುಣ್ಣದ ತಿಳಿನೀರು ಹಾಕಬೇಕು ಎಂಬುದು ಗಾಣದವರಿಗೆ ತಲೆಮಾರುಗಳಿಂದ ಗೊತ್ತು. ಗೋಕಾಕದ ಕರದಂಟಿಗೂ ಬೆಲ್ಲ ಒಳ್ಳೆಯದೇ ಬೇಕು. ಕಾರಣವಿಷ್ಟು: ಕಬ್ಬಿನ ಸಕ್ಕರೆಯ ಒಂದು ಅಣುವಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ತುಂಡುಗಳು ಒಂದು ಆಮ್ಲಜನಕದ ಸೇತುವೆಯಿಂದ ಕೂಡಿಕೊಂಡಿವೆ. ಆಮ್ಲವಿದ್ದರೆ ನೀರು ಆ ಸೇತುವೆಯನ್ನು ಮುರಿಯುತ್ತದೆ. ಬಿಡಿಯಾದ ತುಂಡುಗಳು ಹೆಚ್ಚಾದರೆ ಬೆಲ್ಲ ಹರಳುಗಟ್ಟದೆ ಅಂಟಂಟಾಗಿ, ಗಾಳಿಯ ತೇವವನ್ನು ಹೀರಿ ಇಳಿಯತೊಡಗುತ್ತದೆ.

ಇದೇ ಕ್ರಿಯೆಯನ್ನು 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಎಂಬಾತ ಅಳೆದನು. ಅಳೆದ ಬಗೆ ಸೊಗಸಾಗಿದೆ. ಸಕ್ಕರೆಯ ದ್ರಾವಣವು ಧ್ರುವೀಕೃತ ಬೆಳಕಿನ ತಲವನ್ನು ಬಲಕ್ಕೆ ತಿರುಗಿಸುತ್ತದೆ; ಮುರಿದ ಮೇಲೆ ಉಳಿಯುವ ಮಿಶ್ರಣ ಎಡಕ್ಕೆ ತಿರುಗಿಸುತ್ತದೆ. ಈ ಕ್ರಿಯೆಗೆ 'ಇನ್ವರ್ಷನ್', ಅಂದರೆ ತಿರುವುಮುರುವು, ಎಂಬ ಹೆಸರು ಬಂದದ್ದು ಅದರಿಂದಲೇ. ದ್ರಾವಣವನ್ನು ಮುಟ್ಟದೆ, ಕೋನವನ್ನಷ್ಟೇ ನೋಡುತ್ತ, ಎಷ್ಟು ಸಕ್ಕರೆ ಉಳಿದಿದೆಯೆಂದು ಆತ ಲೆಕ್ಕ ಹಾಕಿದನು. ಯಾವುದೇ ಕ್ಷಣದಲ್ಲಿ ಕ್ರಿಯೆಯ ವೇಗವು ಆಗ ಉಳಿದಿರುವ ಸಕ್ಕರೆಯ ಪ್ರಮಾಣಕ್ಕೆ ಅನುಗುಣವಾಗಿರುತ್ತದೆಂದು ಕಂಡಿತು. ರಾಸಾಯನಿಕ ಕ್ರಿಯೆಯ ವೇಗವನ್ನು ಗಣಿತದ ಸೂತ್ರದಲ್ಲಿ ಹಿಡಿದದ್ದು ಅಲ್ಲಿಂದ ಮೊದಲು. ಉಷ್ಣತೆಗೂ ವೇಗಕ್ಕೂ ಇರುವ ಸಂಬಂಧವನ್ನು 1889ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್ ವಿವರಿಸಿದ್ದೂ ಈ ಕಬ್ಬಿನ ಸಕ್ಕರೆಯ ಮೇಲೆಯೇ.

ಆದರೆ ಸೇತುವೆ ಮುರಿಯುವುದು ಹೇಗೆಂದು ವಿಲ್ಹೆಲ್ಮಿ ಹೇಳುವಂತಿರಲಿಲ್ಲ. ಇಂಗಾಲಕ್ಕೆ ನಾಲ್ಕು ಕೈಗಳೆಂದು ಕೆಕುಲೆ ಹೇಳಿದ್ದು 1858ರಲ್ಲಿ, ಜೆ. ಜೆ. ಥಾಮ್ಸನ್ ಇಲೆಕ್ಟ್ರಾನನ್ನು ಕಂಡದ್ದು 1897ರಲ್ಲಿ. ಒಂದು ಬಂಧವೆಂದರೆ ಎರಡು ಪರಮಾಣುಗಳು ಹಂಚಿಕೊಂಡ ಒಂದು ಜೊತೆ ಇಲೆಕ್ಟ್ರಾನು ಎಂಬ ಮಾತು 1916ರಲ್ಲಿ ಅಮೆರಿಕದ ಜಿ. ಎನ್. ಲೂಯಿಸ್ ಅವರಿಂದ ಬಂತು. ಅದಾದ ಮೇಲೆ, 1922ರಲ್ಲಿ, ಬ್ರಿಟನ್ನಿನ ಕರ್ಮ್ಯಾಕ್ ಮತ್ತು ರಾಬರ್ಟ್ ರಾಬಿನ್ಸನ್ ತಮ್ಮ ಲೇಖನದಲ್ಲಿ ಬಾಗಿದ ಬಾಣವನ್ನು ಇಲೆಕ್ಟ್ರಾನುಗಳ ಚಲನೆಯ ಗುರುತಾಗಿ ಬಳಸಿದರು. (ಈ ಕರ್ಮ್ಯಾಕ್ 1924ರಲ್ಲಿ ಪ್ರಯೋಗಶಾಲೆಯ ಸ್ಫೋಟವೊಂದರಲ್ಲಿ ಎರಡೂ ಕಣ್ಣು ಕಳೆದುಕೊಂಡರು. ಆದರೂ 1927ರಲ್ಲಿ, ಸಾಂಕ್ರಾಮಿಕ ರೋಗ ಹಬ್ಬುವ ಬಗೆಗೆ ಮೆಕೆಂಡ್ರಿಕ್ ಅವರೊಡನೆ ಗಣಿತವನ್ನು ರೂಪಿಸಿದರು. ಕೊರೊನಾ ಕಾಲದಲ್ಲಿ ತಜ್ಞರು ಹಾಕಿದ ಲೆಕ್ಕಗಳ ಬುಡದಲ್ಲಿ ಅದೇ ಗಣಿತವಿತ್ತು.) ಮುಂದೆ ಲಂಡನ್ನಿನ ಇಂಗೋಲ್ಡ್ ಈ ವಿದ್ಯೆಗೆ ವ್ಯವಸ್ಥೆಯನ್ನೂ, 'ನ್ಯೂಕ್ಲಿಯೋಫೈಲ್', 'ಇಲೆಕ್ಟ್ರೋಫೈಲ್' ಎಂಬ ಹೆಸರುಗಳನ್ನೂ ತಂದರು. ಯಾರದು ಮೊದಲು ಎಂದು ರಾಬಿನ್ಸನ್ನರಿಗೂ ಅವರಿಗೂ ಕಹಿ ಬೆಳೆಯಿತು. ಅದು ದೊಡ್ಡವರ ಜಗಳ, ನಮಗೆ ಬೇಡ.

ನಮಗೆ ಬೇಕಾದದ್ದು ಬಾಣದ ಅರ್ಥ. ಅದು ಪರಮಾಣುವಿನ ಪ್ರಯಾಣವನ್ನಲ್ಲ, ಇಲೆಕ್ಟ್ರಾನು ಜೋಡಿಯ ಪ್ರಯಾಣವನ್ನು ತೋರಿಸುತ್ತದೆ. ಬಾಲವಿರಬೇಕಾದದ್ದು ಜೋಡಿ ಈಗ ಇರುವಲ್ಲಿ, ತುದಿ ಅದು ಹೋಗುವಲ್ಲಿ. ಮಕ್ಕಳು ಆಮ್ಲದ ಪ್ರೋಟಾನಿನಿಂದ ಬಾಣ ಹೊರಡಿಸುತ್ತಾರೆ, ಏಕೆಂದರೆ ಓಡಿಬರುವುದು ಅದೇ ಎಂದು ಅವರ ಎಣಿಕೆ. ಪ್ರೋಟಾನಿನ ಬಳಿ ಒಂದೂ ಇಲೆಕ್ಟ್ರಾನಿಲ್ಲ. ಕೊಡುವುದಕ್ಕೆ ಅದರ ಜೋಳಿಗೆ ಬರಿದು. ಕಬ್ಬಿನ ಹಾಲಿನಲ್ಲಿ ನೋಡಿ: ಸೇತುವೆಯ ಆಮ್ಲಜನಕದ ಮೇಲೆ ಬಿಡುವಾಗಿರುವ ಜೋಡಿಯಿಂದ ಪ್ರೋಟಾನಿನ ಕಡೆಗೆ ಮೊದಲ ಬಾಣ. ಹೀಗೆ ಧನ ಆವೇಶ ಹೊತ್ತ ಆಮ್ಲಜನಕವು ತನ್ನ ಒಂದು ಬದಿಯ ಬಂಧದ ಜೋಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅದು ಎರಡನೆಯ ಬಾಣ, ಸೇತುವೆ ಮುರಿಯುವುದು ಇಲ್ಲಿಯೇ. ಕೊರತೆಗೊಳಗಾದ ಇಂಗಾಲಕ್ಕೆ ಉಂಗುರದೊಳಗಿನ ನೆರೆಯ ಆಮ್ಲಜನಕ ಆಸರೆ ಕೊಡುತ್ತಿರುವಾಗ ನೀರಿನ ಆಮ್ಲಜನಕ ತನ್ನ ಜೋಡಿಯೊಡನೆ ಬಂದು ಕೂಡುತ್ತದೆ. ಕೊನೆಗೆ ಪ್ರೋಟಾನೊಂದು ಕಳಚಿಕೊಳ್ಳುತ್ತದೆ. ಹೀಗಾಗಿ ಆಮ್ಲ ಖರ್ಚಾಗುವುದಿಲ್ಲ, ಮುಂದಿನ ಅಣುವಿಗೆ ಮತ್ತೆ ಸಿದ್ಧ. ಸುಣ್ಣದ ನೀರು ಮಾಡುವ ಉಪಕಾರವೆಂದರೆ ಆ ಪ್ರೋಟಾನುಗಳನ್ನು ಮೊದಲೇ ಕಟ್ಟಿಹಾಕುವುದು.

"ಇದನ್ನೆಲ್ಲ ಯಾರು ಕಣ್ಣಿಂದ ಕಂಡಾರ್ರಿ?" ಎಂದು ಒಬ್ಬ ಹುಡುಗ ಕೇಳಿದ್ದ. ನನಗೆ ಬಹಳ ಹಿಡಿಸಿದ ಪ್ರಶ್ನೆ. ಕಂಡವರಿಲ್ಲ, ಪರೀಕ್ಷಿಸಿದವರಿದ್ದಾರೆ. ಆಮ್ಲ ಮತ್ತು ಆಲ್ಕೊಹಾಲ್ ಕೂಡಿ ಎಸ್ಟರ್ ಆಗುವಾಗ ನೀರು ಹೊರಬರುತ್ತದೆ. ಆ ನೀರಿನ ಆಮ್ಲಜನಕ ಯಾರದು? ಆಮ್ಲ ಮತ್ತು ಕಾಸ್ಟಿಕ್ ಸೋಡಾದ ಪಾಠದ ನೆನಪಿದ್ದವರು, ಆಮ್ಲದಿಂದ ಜಲಜನಕ, ಇನ್ನೊಂದರಿಂದ ಉಳಿದದ್ದು ಎಂದುಬಿಡುತ್ತಾರೆ. 1938ರಲ್ಲಿ ರಾಬರ್ಟ್ಸ್ ಮತ್ತು ಯೂರಿ, 18 ತೂಕದ ಭಾರ ಆಮ್ಲಜನಕವಿದ್ದ ಮೆಥನಾಲನ್ನು ಬೆಂಜೋಯಿಕ್ ಆಮ್ಲದೊಡನೆ ಕೂಡಿಸಿದರು. ಹೊರಬಂದ ನೀರಿನಲ್ಲಿ ಆ ಗುರುತಿನ ಆಮ್ಲಜನಕ ಇರಲಿಲ್ಲ. ಎಂದರೆ ಅದನ್ನು ಬಿಟ್ಟುಕೊಟ್ಟದ್ದು ಆಮ್ಲವೇ. ನೋಟ್ಸ್ ಬಾಯಿಪಾಠ ಮಾಡಿ ಬಿ.ಎಸ್ಸಿ. ದಾಟುತ್ತಿದ್ದ ಕಾಲದಲ್ಲಿ ನನಗೆ ಯಾರೂ ಹೇಳದ ಈ ಪ್ರಯೋಗವನ್ನು ಆಮೇಲೆ ಪುಸ್ತಕದಲ್ಲಿ ಓದಿದಾಗ ಬಾಣಗಳ ಮೇಲೆ ಮೊದಲ ಸಲ ವಿಶ್ವಾಸ ಮೂಡಿತು.

ಅದಕ್ಕೂ ಮುಂಚೆ, 1934ರಲ್ಲಿ, ಪೊಲಾನಿ ಮತ್ತು ಜಾಬೊ ಎಂಬವರು ಕ್ಷಾರವು ಎಸ್ಟರನ್ನು ಒಡೆಯುವುದನ್ನು ಭಾರ ಆಮ್ಲಜನಕದ ನೀರಿನಲ್ಲಿ ನಡೆಸಿ, ಆಗಲೂ ಮುರಿಯುವುದು ಆಮ್ಲದ ಭಾಗದ ಇಂಗಾಲಕ್ಕಂಟಿದ ಬಂಧವೇ ಎಂದು ತೋರಿಸಿದ್ದರು. ಎಣ್ಣೆಯನ್ನು ಕಾಸ್ಟಿಕ್ ಸೋಡಾದೊಡನೆ ಕುದಿಸಿ ಸಾಬೂನು ಮಾಡುವ ಹೈಸ್ಕೂಲಿನ ಪಾಠ ನೆನಪಿದೆಯಲ್ಲವೆ? ಅದೂ ಇದೇ ಜಾತಿಯ ಕ್ರಿಯೆ. ಹಳೆಯ ನೋಟ್‌ಬುಕ್ಕು ಸಿಕ್ಕರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸಮೀಕರಣದ ಮೇಲೆ ಬಾಣಗಳನ್ನು ಹಾಕಿಸಿ. ಮೊದಲನೆಯದು ಹೈಡ್ರಾಕ್ಸೈಡಿನ ಆಮ್ಲಜನಕದಿಂದ ಹೊರಡಲಿ.