ಎಂಜಿನ್ ಇಲ್ಲದ ಟ್ರಯಲ್, ನೀಲಿ ಎಣ್ಣೆಯ ಬ್ರೇಕು

ಮೂರು ವರ್ಷದ ಹಿಂದೆ ಪುಣೆಯಲ್ಲಿ ಒಂದು ಹಳೆಯ ಸೈಕಲ್ ಕೊಂಡೆ. ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಜರ್ಮನ್ ಇಂಜಿನಿಯರ್ ಒಬ್ಬರು ಮನೆಸಾಮಾನಿನ ಜೊತೆಗೆ ಅದನ್ನೂ ಮಾರುತ್ತಿದ್ದರು. ಅದರ ಬ್ರೇಕು ನಾನು ಎಲ್ಲೂ ಕಂಡಿರದ ಬಗೆಯದು. ನಮ್ಮ ಹಳೆಯ ಸೈಕಲ್ಲುಗಳಂತೆಯೇ ರಬ್ಬರ್ ತುಂಡುಗಳು ಚಕ್ರದ ರಿಮ್ಮನ್ನು ಹಿಡಿಯುತ್ತಿದ್ದವು. ಆದರೆ ಅವುಗಳನ್ನು ತಳ್ಳಲು ಕೇಬಲ್ ಇರಲಿಲ್ಲ. ತೆಳ್ಳನೆಯ ಕೊಳವೆ, ಅದರೊಳಗೆ ಎಣ್ಣೆ.

ಮಳೆಗಾಲ ಕಳೆದ ಮೇಲೆ ಹಿಂದಿನ ಬ್ರೇಕಿನ ಲಿವರ್ ಮೆತ್ತಗಾಯಿತು. ಹತ್ತಿರದ ವಾಹನ ಬಿಡಿಭಾಗಗಳ ಅಂಗಡಿಗೆ ಹೋಗಿ "ಬ್ರೇಕ್ ಆಯಿಲ್" ಕೇಳಿದೆ, ಕೊಟ್ಟರು. ಸಿರಿಂಜಿನಲ್ಲಿ ತುಂಬಿಸಿದೆ. ಎರಡು ದಿನ ಎಲ್ಲ ಸರಿಯಿತ್ತು. ವಾರ ಕಳೆಯುವಷ್ಟರಲ್ಲಿ ಒತ್ತಿದ ಲಿವರ್ ಮೇಲೆ ಬರುವುದನ್ನೇ ನಿಲ್ಲಿಸಿತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಸೀಲುಗಳು ನೆನೆಸಿದ ಕಡಲೆಯ ಹಾಗೆ ಊದಿಕೊಂಡಿದ್ದವು.

ನಾವು ಕನ್ನಡದಲ್ಲೂ ಮರಾಠಿಯಲ್ಲೂ "ಬ್ರೇಕ್ ಆಯಿಲ್" ಎನ್ನುವುದು ಸಾಮಾನ್ಯವಾಗಿ ಎಣ್ಣೆಯೇ ಅಲ್ಲ. ಕಾರು, ಬೈಕುಗಳಿಗೆ ಹಾಕುವ ಡಾಟ್ 3, ಡಾಟ್ 4 ಎಂಬ ಆ ದ್ರವಗಳು ಗ್ಲೈಕಾಲ್ ಜಾತಿಯವು, ನೀರನ್ನು ಹೀರಿಕೊಳ್ಳುತ್ತವೆ. ನನ್ನ ಸೈಕಲ್ಲಿಗೆ ಬೇಕಾಗಿದ್ದದ್ದು ನಿಜವಾದ ಎಣ್ಣೆ, ಮಿನರಲ್ ಆಯಿಲ್. ಒಂದಕ್ಕೆ ಹೊಂದುವ ರಬ್ಬರ್ ಇನ್ನೊಂದಕ್ಕೆ ಆಗಿಬರುವುದಿಲ್ಲ. ಅಂಗಡಿಯವರ ತಪ್ಪೇನೂ ಇಲ್ಲ, ಕೇಳಿದ್ದನ್ನೇ ಕೊಟ್ಟರು. ಭಾಷಾಶಾಸ್ತ್ರ ಓದಿ ಅನುವಾದದಿಂದ ಹೊಟ್ಟೆ ಹೊರೆಯುವ ನಾನು ಒಂದು ಪದವನ್ನು ನಂಬಿ ಬ್ರೇಕು ಕೆಡಿಸಿದ್ದೆ.

ರಿಪೇರಿಯ ದಾರಿ ಹುಡುಕಿ ಹೊರಟಾಗ ಒಂದು ವಿಷಯ ಗಮನಕ್ಕೆ ಬಂತು. ಈ ಬ್ರೇಕಿನ ಒಳಗುಟ್ಟನ್ನೆಲ್ಲ ಬಲ್ಲವರು ದೂರ ಪ್ರಯಾಣದ ಸೈಕಲ್ ಸವಾರರಲ್ಲ, ವೇಗದ ಸ್ಪರ್ಧಿಗಳೂ ಅಲ್ಲ. ಬಂಡೆಯಿಂದ ಬಂಡೆಗೆ ಸೈಕಲ್ಲಿನಲ್ಲೇ ಜಿಗಿಯುವ ಟ್ರಯಲ್ಸ್ ಸವಾರರು. ಅವರಿಗೇ ಏಕೆ ಎಂದು ಕೇಳಿಕೊಂಡಾಗ ಸಿಕ್ಕ ಕಥೆ ಇದು.

ಟ್ರಯಲ್ ಎಂದರೆ ಪರೀಕ್ಷೆ. 20ನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಮೋಟಾರ್‌ಸೈಕಲ್ ತಯಾರಕರು ತಮ್ಮ ಗಾಡಿ ಗಟ್ಟಿ ಎಂದು ತೋರಿಸಲು ಕೆಸರು, ಕಲ್ಲು, ಹಳ್ಳಗಳ ದಾರಿಯಲ್ಲಿ ಅವುಗಳನ್ನು ಓಡಿಸುತ್ತಿದ್ದರು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಇಂದಿಗೂ ನಡೆಯುವ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಆ ಕಾಲದ್ದು. ಕ್ರಮೇಣ ಗಾಡಿಯ ಪರೀಕ್ಷೆ ಸವಾರನ ಪರೀಕ್ಷೆಯಾಯಿತು. ಯಾರು ಮೊದಲು ಮುಟ್ಟಿದರು ಎನ್ನುವುದಕ್ಕಿಂತ ಯಾರು ಕಾಲು ಊರದೆ ದಾಟಿದರು ಎನ್ನುವುದು ಮುಖ್ಯವಾಯಿತು. ಒಮ್ಮೆ ಕಾಲು ಊರಿದರೆ ಒಂದು ದಂಡಾಂಕ. ಬಿದ್ದರೆ, ದಾಟಲಾಗದಿದ್ದರೆ ಐದು. ಕೊನೆಗೆ ಯಾರ ಲೆಕ್ಕದಲ್ಲಿ ಕಡಿಮೆ ಅಂಕವೋ ಅವರೇ ಗೆದ್ದಂತೆ.

ಈ ಆಟವನ್ನು ಬ್ರಿಟನ್ನಿನಿಂದ ಸ್ಪೇನಿಗೆ ತಂದದ್ದರಲ್ಲಿ ಒಂದು ಜಗಳದ ಪಾತ್ರವಿದೆ. ಬಾರ್ಸಿಲೋನಾದ ಮೊಂಟೆಸಾ ಕಂಪನಿಯನ್ನು ಪೆರೆ ಪರ್ಮಾನ್ಯೆರ್ ಜೊತೆ ಸೇರಿ ಕಟ್ಟಿದ್ದ ಫ್ರಾನ್ಸಿಸ್ಕೊ ಬುಲ್ಟೊ, ಕಂಪನಿ ರೇಸಿನಿಂದ ಹಿಂದೆ ಸರಿಯಲು ತೀರ್ಮಾನಿಸಿದಾಗ ಮುನಿಸಿಕೊಂಡು ಹೊರಬಿದ್ದರು. 1958ರಲ್ಲಿ ತಮ್ಮದೇ ಕಂಪನಿ ಶುರುಮಾಡಿದರು. ಅವರ ಅಡ್ಡಹೆಸರು ಪಾಕೊ. ಬುಲ್ಟೊ ಮತ್ತು ಪಾಕೊ ಬೆಸೆದು ಕಂಪನಿಯ ಹೆಸರು ಬುಲ್ಟಾಕೊ. ಕೆಲವು ವರ್ಷಗಳ ನಂತರ ಅವರು ಉತ್ತರ ಐರ್ಲೆಂಡಿನ ಚಾಂಪಿಯನ್ ಸ್ಯಾಮಿ ಮಿಲ್ಲರ್ ಅವರನ್ನು ಕರೆಸಿಕೊಂಡು ಹೊಸ ಟ್ರಯಲ್ಸ್ ಬೈಕ್ ರೂಪಿಸಿದರು. ಮಿಲ್ಲರ್ ಅದುವರೆಗೆ ಓಡಿಸುತ್ತಿದ್ದದ್ದು 500 ಸಿಸಿಯ ಭಾರವಾದ ಏರಿಯಲ್. ಹೊಸತು ಅದರ ಅರ್ಧದಷ್ಟು ಸಿಸಿಯ, ಹಗುರವಾದ ಟೂ-ಸ್ಟ್ರೋಕ್. ಹಿಮಾಲಯದ ಶೆರ್ಪಾಗಳ ಹೆಸರನ್ನೇ ಅದಕ್ಕಿಟ್ಟರು. 1965ರಲ್ಲಿ ಮಿಲ್ಲರ್ ಅದೇ ಬೈಕಿನಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು. ಭಾರದ ಬ್ರಿಟಿಷ್ ಬೈಕುಗಳ ಕಾಲ ಅಲ್ಲಿಂದ ಇಳಿಮುಖವಾಯಿತು.

ಬುಲ್ಟೊ ಬಿಟ್ಟುಹೋದ ಮೊಂಟೆಸಾ ಸುಮ್ಮನಿರಲಿಲ್ಲ. ಕೋಟಾ ಎಂಬ ತನ್ನದೇ ಟ್ರಯಲ್ಸ್ ಬೈಕ್ ತಂದಿತು. ಅದನ್ನು ತಿದ್ದಿ ತೀಡಿದವರಲ್ಲಿ ಪ್ರಮುಖರು ಸವಾರರೂ ತಂತ್ರಜ್ಞರೂ ಆಗಿದ್ದ ಪೆರೆ ಪಿ. ಈ ಕಥೆ ಸೈಕಲ್ಲಿನ ಕಡೆಗೆ ಹೊರಳುವುದು ಅವರ ಮನೆಯಲ್ಲಿ. ಅವರ ಮಗ ಒಟ್ ಪಿ ಹುಟ್ಟಿದ್ದು 1970ರಲ್ಲಿ. ಮೋಟಾರ್‌ಸೈಕಲ್ ಹಿಡಿಯಲಾರದ ವಯಸ್ಸಿನ ಮಕ್ಕಳು ಸಮತೋಲ ಕಲಿಯಲೆಂದು ಅಪ್ಪ ಟ್ರಯಲ್ಸ್ ಬೈಕಿನ ಮಾದರಿಯಲ್ಲಿ ಗಟ್ಟಿಯಾದ ಪುಟ್ಟ ಸೈಕಲ್ ಮಾಡಿದರು. ಅದು ಮೊದಲು ಮೊಂಟೆಸಿಟಾ, ಅಂದರೆ ಪುಟ್ಟ ಮೊಂಟೆಸಾ, ಎಂಬ ಹೆಸರಿನಲ್ಲಿ ಬಂತು. ಮುಂದೆ ಮೊಂಟಿ ಎಂಬ ಸ್ವತಂತ್ರ ಸೈಕಲ್ ಕಂಪನಿಯೇ ಹುಟ್ಟಿತು. ಆಟಕ್ಕೆ ಸ್ಪ್ಯಾನಿಷ್‌ನಲ್ಲಿ ಟ್ರಯಲ್‌ಸಿನ್ ಎಂದು ಹೆಸರಾಯಿತು. "ಸಿನ್" ಎಂದರೆ "ಇಲ್ಲದೆ". ಮೋಟಾರ್ ಇಲ್ಲದ ಟ್ರಯಲ್ ಎಂಬ ಮಾತಿನಲ್ಲಿ ಮೋಟಾರ್ ಉದುರಿ, "ಇಲ್ಲದೆ" ಮಾತ್ರ ಉಳಿಯಿತು. ಏನು ಇಲ್ಲ ಎಂಬುದನ್ನು ಹೇಳದೆಯೇ ಇಲ್ಲ ಎನ್ನುವ ಪದ ಅದು.

ಒಟ್ ಪಿ ಹಲವು ಬಾರಿ ವಿಶ್ವ ಚಾಂಪಿಯನ್ ಆದರು. 1980ರ ದಶಕದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೂ ಈ ಆಟವನ್ನು ತನ್ನ ಮಡಿಲಿಗೆ ತೆಗೆದುಕೊಂಡಿತು. ಇಂದು 20 ಇಂಚು ಮತ್ತು 26 ಇಂಚಿನ ಚಕ್ರಗಳಿಗೆ ಬೇರೆ ಬೇರೆ ವಿಭಾಗಗಳಿವೆ. ಸ್ಪರ್ಧೆಯ ಸೈಕಲ್ಲುಗಳಲ್ಲಿ ಸೀಟು ಇರುವುದಿಲ್ಲ, ಕೂರಲು ಪುರಸೊತ್ತೂ ಇರುವುದಿಲ್ಲ.

ಆದರೆ ಮೋಟಾರ್ ತೆಗೆದಾಗ ಸವಾರನ ಕೈಯಿಂದ ಇನ್ನೊಂದು ವಸ್ತುವೂ ಜಾರಿಹೋಗಿತ್ತು. ಬಂಡೆಯ ನೆತ್ತಿಯಲ್ಲಿ ಮೋಟಾರ್‌ಸೈಕಲ್ ನಿಲ್ಲಿಸಿ ಸರಿಹೊಂದಿಸಿಕೊಳ್ಳಲು ಕ್ಲಚ್ಚು, ಎಂಜಿನ್ನಿನ ಬಲ, ಗಾಡಿಯ ತೂಕ ಎಲ್ಲ ನೆರವಾಗುತ್ತವೆ. ಸೈಕಲ್ ಸವಾರನಿಗೆ ಇರುವುದು ಬ್ರೇಕು ಮಾತ್ರ. ಅವನು ಹಿಂದಿನ ಚಕ್ರದ ಮೇಲೆ ನಿಂತು, ಬ್ರೇಕ್ ಬಿಗಿಹಿಡಿದು, ಕ್ಷಣಮಾತ್ರ ಬಿಟ್ಟು, ಪೆಡಲ್ ಒದ್ದು, ಗಾಳಿಯಲ್ಲಿ ಹಾರಿ, ಮುಟ್ಟುವಾಗ ಮತ್ತೆ ಬಿಗಿಹಿಡಿಯುತ್ತಾನೆ. ಆಗ ಚಕ್ರ ಮುಂದಕ್ಕಾಗಲಿ ಹಿಂದಕ್ಕಾಗಲಿ ಒಂದಿಷ್ಟೂ ಉರುಳಬಾರದು. ರಸ್ತೆಯಲ್ಲಿ ನಮಗೆ ಬ್ರೇಕು ವೇಗ ತಗ್ಗಿಸುವ ಸಾಧನ. ಅಲ್ಲಿ ಅದು ಪಾದದ ಕೆಲಸ ಮಾಡುತ್ತದೆ.

ಕೇಬಲ್ ಬ್ರೇಕುಗಳಿಗೆ ಈ ಕೆಲಸ ಕಷ್ಟ. ಕೇಬಲ್ ಹಿಗ್ಗುತ್ತದೆ, ಕವಚದೊಳಗೆ ಉಜ್ಜುತ್ತದೆ, ಬೆರಳಿನ ಬಲದ ಒಂದು ಪಾಲು ದಾರಿಯಲ್ಲೇ ಖರ್ಚಾಗುತ್ತದೆ. ಇದಕ್ಕೆ ಉತ್ತರ ಬಂದದ್ದು ದಕ್ಷಿಣ ಜರ್ಮನಿಯ ಬಾಡ್ ಉರಾಖ್ ಎಂಬ ಸಣ್ಣ ಊರಿನಿಂದ, ಅದೂ ಮೋಟಾರ್‌ಸೈಕಲ್ಲುಗಳ ಹ್ಯಾಂಡಲ್, ಲಿವರ್ ಮಾಡುತ್ತಿದ್ದ ಕಂಪನಿಯಿಂದ. 1893ರಲ್ಲಿ ಗುಸ್ತಾವ್ ಮಾಗೆನ್‌ವಿರ್ಟ್ ಸ್ಥಾಪಿಸಿದ ಅದರ ಹೆಸರೂ ಬೆಸುಗೆಯದೇ: ಮಾಗೆನ್‌ವಿರ್ಟ್ ಮತ್ತು ಉರಾಖ್ ಸೇರಿ ಮಾಗುರಾ. 1987ರಲ್ಲಿ ಅದು ಸೈಕಲ್ಲಿಗೆ ಎಣ್ಣೆಯ ಒತ್ತಡದ ರಿಮ್ ಬ್ರೇಕ್ ತಂದಿತು. ಹೈಡ್ರೋ ಸ್ಟಾಪ್ ಎಂಬ ಆ ಹೆಸರೇ ಮುಂದೆ ಎಚ್ಎಸ್11, ಎಚ್ಎಸ್33 ಎಂದು ಮೊಟಕಾಯಿತು. ಜರ್ಮನಿಯಲ್ಲಿ ಸಾಮಾನ್ಯ ಪ್ರವಾಸಿ ಸೈಕಲ್ಲುಗಳಿಗೂ ಇದು ಬಂತು. ನನ್ನ ಕೈಸೇರಿದ್ದು ಅಂಥದ್ದೇ.

ಇದರ ತತ್ವ 17ನೆಯ ಶತಮಾನದ ಬ್ಲೇಸ್ ಪಾಸ್ಕಲ್‌ನದು. ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಮುಟ್ಟುತ್ತದೆ. ಲಿವರ್ ಒತ್ತಿದರೆ ರಿಮ್ಮಿನ ಎರಡೂ ಬದಿಯ ಪುಟ್ಟ ಸಿಲಿಂಡರುಗಳು ಪ್ಯಾಡುಗಳನ್ನು ನೇರವಾಗಿ ತಳ್ಳುತ್ತವೆ. ಹಿಡಿತ ಎಷ್ಟೆಂದರೆ ಸೈಕಲ್ಲಿನ ಚೌಕಟ್ಟೇ ಹೊರಬಾಗಲು ನೋಡುತ್ತದೆ. ಅದನ್ನು ತಡೆಯಲು ಕುದುರೆಲಾಳದ ಆಕಾರದ ಪಟ್ಟಿ ಕಟ್ಟುತ್ತಾರೆ. ಡಿಸ್ಕ್ ಬ್ರೇಕ್ ಮಧ್ಯದ ಹಬ್ಬಿನ ಬಳಿ ಹಿಡಿಯುತ್ತದೆ. 26 ಇಂಚಿನ ಚಕ್ರದಲ್ಲಿ ರಿಮ್ಮು, 160 ಮಿಲಿಮೀಟರ್ ಡಿಸ್ಕಿನ ಅಂಚಿಗಿಂತ ಮೂರು ಪಟ್ಟಿಗೂ ಹೆಚ್ಚು ದೂರದಲ್ಲಿದೆ. ಬಾಗಿಲನ್ನು ತಿರುಗಣಿಯ ಬಳಿ ಹಿಡಿಯುವುದಕ್ಕೂ ಹಿಡಿಕೆಯ ಬಳಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು.

ಇಷ್ಟೂ ಸಾಲದೆಂದು ಸವಾರರು ತಾವೇ ಉಪಾಯ ಹೂಡಿದರು. ಕೆಲವರು ರಿಮ್ಮಿಗೆ ತೆಳ್ಳಗೆ ಡಾಂಬರು ಸವರಿದರು. ಇನ್ನು ಕೆಲವರು ಆಂಗಲ್ ಗ್ರೈಂಡರ್ ಹಿಡಿದು, ನಯವಾದ ರಿಮ್ಮಿನ ಬದಿಯನ್ನು ಬೀಸುವ ಕಲ್ಲಿಗೆ ಮುಳ್ಳು ಹಾಕಿದಂತೆ ಒರಟು ಮಾಡಿದರು. ಪ್ಯಾಡು ಬೇಗ ಸವೆಯುತ್ತದೆ, ಕಿವಿಗಡಚಿಕ್ಕುವ ಸದ್ದು ಬರುತ್ತದೆ, ಗೀರು ಮಾಸಿದಾಗ ಮತ್ತೆ ಉಜ್ಜಬೇಕು. ಲಿವರ್ ಹಗುರವಾಗಲಿ ಎಂದು ಎಣ್ಣೆಯ ಬದಲು ನೀರು ತುಂಬಿದವರೂ ಇದ್ದಾರೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ.

2009ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ, ಎಡಿನ್‌ಬರಾದ ಬೀದಿಗಳಲ್ಲಿ ಚಿತ್ರಿಸಿದ ಐದೂವರೆ ನಿಮಿಷದ ವಿಡಿಯೊದಲ್ಲಿ ಡ್ಯಾನಿ ಮ್ಯಾಕಾಸ್ಕಿಲ್ ಮೊನಚು ಕಬ್ಬಿಣದ ಬೇಲಿಯ ಮೇಲೆ ಸೈಕಲ್ ಓಡಿಸಿದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಆಗ ಅವರು ಒಂದು ಸೈಕಲ್ ಅಂಗಡಿಯ ಮೆಕ್ಯಾನಿಕ್. ನನಗೆ ಇದು ಕಾಕತಾಳೀಯ ಅನಿಸುವುದಿಲ್ಲ. ಈ ಆಟದಲ್ಲಿ ಸವಾರಿಗೂ ರಿಪೇರಿಗೂ ನಡುವೆ ಗೋಡೆಯಿಲ್ಲ. ಪ್ಯಾಡಿನಲ್ಲಿ ಒಂದು ಗಾಳಿಗುಳ್ಳೆಯಷ್ಟು ಸಡಿಲವಿದ್ದರೂ ಅದನ್ನು ಮೊದಲು ಅರಿಯುವುದು ಬಂಡೆಯ ಮೇಲೆ ನಿಂತವನ ಬೆರಳು.

ನನ್ನ ಬ್ರೇಕಿನ ಕಥೆಗೆ ಬರೋಣ. ಊದಿದ ಸೀಲುಗಳ ಲಿವರ್ ಉಳಿಯಲಿಲ್ಲ. ಜರ್ಮನಿಯಿಂದ ಬರುತ್ತಿದ್ದ ಗೆಳತಿಯ ಕೈಯಲ್ಲಿ ಬೇರೆಯದನ್ನು ತರಿಸಿದೆ. ಕೊಳವೆ, ಸಿಲಿಂಡರುಗಳನ್ನೂ ಬದಲಿಸಿದೆ. ಎಣ್ಣೆಯ ಹೆಸರು ರಾಯಲ್ ಬ್ಲಡ್, ಬಣ್ಣ ನೀಲಿ. ಯುರೋಪಿನ ಭಾಷೆಗಳಲ್ಲಿ ರಾಜವಂಶದವರ ರಕ್ತ ನೀಲಿ ಎನ್ನುವ ಮಾತಿದೆ, ಅದರ ತಮಾಷೆ. ಲಿವರನ್ನು ಎಲ್ಲಕ್ಕಿಂತ ಎತ್ತರದಲ್ಲಿ ಕಟ್ಟಿ, ಕೆಳಗಿನ ಸಿಲಿಂಡರಿನಿಂದ ಸಿರಿಂಜಿನಲ್ಲಿ ನಿಧಾನ ತಳ್ಳಿದೆ. ಗಾಳಿ ತಾನಾಗಿ ಮೇಲೇರುತ್ತದೆ, ಅದರ ದಾರಿಗೆ ಅಡ್ಡಬರಬಾರದು, ಅಷ್ಟೆ. ಕೊಳವೆಯನ್ನು ಬೆರಳಿನಿಂದ ತಟ್ಟಿದಾಗಲೆಲ್ಲ ಮೇಲಿನ ಸಿರಿಂಜಿನಲ್ಲಿ ಗುಳ್ಳೆಗಳೆದ್ದವು. ಅವು ನಿಂತ ಮೇಲೆ ತಿರುಪು ಬಿಗಿದೆ.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಬ್ಲೀಡಿಂಗ್ ಎನ್ನುತ್ತಾರೆ, ರಕ್ತ ಹರಿಸುವುದು. ನಮ್ಮ ಗ್ಯಾರೇಜುಗಳಲ್ಲಿ "ಏರ್ ತೆಗಿ" ಎನ್ನುತ್ತಾರೆ. ಆಗುವುದೂ ಅದೇ. ನಿಘಂಟಿಗೆ ಬೇಕಾದರೆ ನಾನು ಇದನ್ನೇ ಬರೆದುಕೊಡುತ್ತೇನೆ.

ಇಂದು ಹಲವು ಟ್ರಯಲ್ಸ್ ಸವಾರರು ಡಿಸ್ಕಿಗೆ ಬದಲಾಗಿದ್ದಾರೆ, ಉಳಿದ ಸೈಕಲ್ ಲೋಕ ಅವರಿಗಿಂತ ಎಷ್ಟೋ ಮೊದಲೇ ಬದಲಾಗಿದೆ. ಈ ಬ್ರೇಕಿನ ಬಿಡಿಭಾಗ ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗಬಹುದು. ಹಾಗಾಗಿ ನೀಲಿ ಎಣ್ಣೆಯ ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ: "ಇದೊಂದೇ. ಅಂಗಡಿಯ ಬ್ರೇಕ್ ಆಯಿಲ್ ಬೇಡ." ನಾಳೆ ಈ ಸೈಕಲ್ ಯಾರ ಕೈಗೆ ಹೋದರೂ ಆ ಬಾಟಲಿಯೂ ಜೊತೆಗೆ ಹೋಗಬೇಕು.