ಮರಳಿನಲ್ಲಿ ಡರ್ಟ್ ಬೈಕ್: ಬೀಳುವುದು ಏಕೆ, ಬಿದ್ದ ಮೇಲೆ ಏನನ್ನು ಗಮನಿಸಬೇಕು?

ಹೆದ್ದಾರಿಯಲ್ಲಿ ವರ್ಷಗಟ್ಟಲೆ ಬೈಕ್ ಓಡಿಸಿ ಪಳಗಿದವರೂ ಮರಳಿಗಿಳಿದ ಮೊದಲ ನೂರು ಮೀಟರ್‌ನಲ್ಲೇ ಬೀಳುವುದುಂಟು. ಪುಣೆ, ಮುಂಬೈ, ಹೈದರಾಬಾದ್‌ನಿಂದ ಜೈಸಲ್ಮೇರ್ ಕಡೆಗೆ ಚಳಿಗಾಲದ ಪ್ರವಾಸ ಹೊರಡುವ ಬೈಕ್ ಸವಾರರಿಗೆ ಇದು ಹೊಸ ಸಂಗತಿಯಲ್ಲ. ಬಿದ್ದವರು ಸಾಮಾನ್ಯವಾಗಿ ಎದ್ದು, ಮರಳು ಕೊಡವಿಕೊಂಡು, ನಗುತ್ತಾ ಮತ್ತೆ ಬೈಕ್ ಹತ್ತುತ್ತಾರೆ. ಮರಳು ಮೆತ್ತಗಿದೆ, ಬಿದ್ದರೂ ಏನಾಗದು ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಆ ನಂಬಿಕೆ ಅರ್ಧ ಮಾತ್ರ ನಿಜ. ಡಾಂಬರು ರಸ್ತೆಯಲ್ಲಿ ಬಿದ್ದಾಗ ಆಗುವಂತೆ ಚರ್ಮ ಕಿತ್ತು ಬರುವುದು ಮರಳಿನಲ್ಲಿ ಕಡಿಮೆ. ಆದರೆ ಡಾಂಬರಿನ ಮೇಲೆ ದೇಹ ಜಾರಿಕೊಂಡು ಹೋಗುತ್ತದೆ, ಮರಳಿನಲ್ಲಿ ಥಟ್ಟನೆ ನಿಲ್ಲುತ್ತದೆ. ಹೂತುಹೋದ ಪಾದ ಅಲ್ಲೇ ಇರುತ್ತದೆ, ಮೊಣಕಾಲು ತಿರುಗುತ್ತದೆ. ಊರಿದ ಕೈ ಜಾರುವುದಿಲ್ಲ, ಇಡೀ ದೇಹದ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಜೊತೆಗೆ ಹಿಂದಿನಿಂದ ಬೈಕ್ ಬಂದು ಬೀಳುವ ಅಪಾಯವೂ ಇದೆ.

ಮುಂದಿನ ಚಕ್ರ ಏಕೆ ಹೂತುಹೋಗುತ್ತದೆ?

ಗಟ್ಟಿ ನೆಲದಲ್ಲಿ ಟೈರ್ ನೆಲವನ್ನು ಹಿಡಿಯುತ್ತದೆ. ಮರಳಿನಲ್ಲಿ ಟೈರಿನ ಕೆಳಗಿನ ಕಣಗಳೇ ಸರಿಯುತ್ತವೆ. ನಿಧಾನವಾಗಿ ಹೋದರೆ ಚಕ್ರ ತನ್ನ ಮುಂದೆ ಮರಳಿನ ಗುಡ್ಡೆಯನ್ನು ತಳ್ಳುತ್ತಾ ಹೋಗುತ್ತದೆ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ಅಲೆದಾಡುತ್ತದೆ. ಹೊಸಬರಿಗೆ ಇಲ್ಲೇ ಭಯ ಶುರು. ರಸ್ತೆಯ ಅಭ್ಯಾಸದಂತೆ ಆಕ್ಸಿಲರೇಟರ್ ಬಿಡುತ್ತಾರೆ, ಕೆಲವರು ಮುಂದಿನ ಬ್ರೇಕ್ ಹಿಡಿಯುತ್ತಾರೆ. ಎರಡರಿಂದಲೂ ಬೈಕಿನ ಭಾರ ಮುಂದಕ್ಕೆ ಬಾಗುತ್ತದೆ, ಮುಂದಿನ ಚಕ್ರ ಇನ್ನಷ್ಟು ಹೂತುಹೋಗುತ್ತದೆ, ಹ್ಯಾಂಡಲ್ ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಸವಾರ ಅದರ ಮೇಲಿಂದ ಹಾರಿ ಬೀಳುತ್ತಾನೆ.

ಅಂದರೆ ಭಯವಾದಾಗ ದೇಹ ತಾನಾಗಿ ಮಾಡುವ ಕೆಲಸವೇ ಇಲ್ಲಿ ತಪ್ಪು. ಮಾಡಬೇಕಾದದ್ದು ಅದರ ವಿರುದ್ಧ: ಆಕ್ಸಿಲರೇಟರ್ ಒಂದೇ ಸಮನೆ ಹಿಡಿದಿಡುವುದು, ದೇಹದ ಭಾರವನ್ನು ತುಸು ಹಿಂದಕ್ಕೆ ತರುವುದು, ಮುಂದಿನ ಚಕ್ರವನ್ನು ಹಗುರಾಗಿಸುವುದು. ಸ್ವಲ್ಪ ವೇಗ ಬಂದಾಗ ಚಕ್ರ ಮರಳಿನ ಮೇಲ್ಪದರಕ್ಕೆ ಏರಿ ತೇಲಿದಂತೆ ಸಾಗುತ್ತದೆ. ತೊಡಕು ಏನೆಂದರೆ, ಬೈಕ್ ಸ್ಥಿರವಾಗುವ ಆ ವೇಗದಲ್ಲಿ ಬಿದ್ದರೆ ಪೆಟ್ಟೂ ಹೆಚ್ಚು. ಹೀಗಾಗಿ ಮೊದಲ ದಿನವೇ ದಿಬ್ಬ ಹತ್ತಲು ಹೋಗಬಾರದು. ತೆಳುವಾದ ಮರಳಿರುವ, ಕಲ್ಲು ಗಿಡಗಳಿಲ್ಲದ, ಸಮತಟ್ಟಾದ ಬಯಲಿನಲ್ಲಿ ಎರಡನೇ ಗೇರ್‌ನಲ್ಲಿ ಶುರುಮಾಡಿ.

ಕಲಿಯುವಾಗ

ಸೀಟಿನಲ್ಲಿ ಕೂರದೆ ಫುಟ್‌ಪೆಗ್ ಮೇಲೆ ನಿಲ್ಲಿ. ಮೊಣಕಾಲುಗಳಿಂದ ಟ್ಯಾಂಕ್ ಹಿಡಿದುಕೊಳ್ಳಿ, ಕೈಗಳನ್ನು ಸಡಿಲ ಬಿಡಿ. ಹ್ಯಾಂಡಲ್ ಅಲುಗಾಡುತ್ತದೆ, ಅಲುಗಾಡಲಿ. ಅದನ್ನು ಬಿಗಿಹಿಡಿದು ಹೋರಾಡಿದಷ್ಟೂ ತೋಳು ಸೋಲುತ್ತದೆ, ಸೋತ ತೋಳಿನವರು ಬೇಗ ಬೀಳುತ್ತಾರೆ. ದೃಷ್ಟಿ ಚಕ್ರದ ಮುಂದಲ್ಲ, ದೂರದಲ್ಲಿರಲಿ. ಬೀಳುವಂತಾದಾಗ ಕಾಲು ಚಾಚಿ ನೆಲಕ್ಕೆ ಊರುವ ಅಭ್ಯಾಸ ಬಿಡಬೇಕು. ಪಾದದ ಕೀಲು ಮತ್ತು ಮೊಣಕಾಲಿನ ಲಿಗಮೆಂಟ್ ಹರಿಯುವುದಕ್ಕೆ ಇದೇ ದೊಡ್ಡ ದಾರಿ.

ಟೈರಿನ ಗಾಳಿ ಇಳಿಸಿದರೆ ಟೈರ್ ಅಗಲವಾಗಿ ಹರಡಿಕೊಂಡು ಹೂಳುವುದು ಕಡಿಮೆಯಾಗುತ್ತದೆ. ಹಗುರ ಡರ್ಟ್ ಬೈಕ್‌ಗಳಲ್ಲಿ 12–15 ಪಿಎಸ್‌ಐವರೆಗೆ ಇಳಿಸುವ ರೂಢಿಯಿದೆ. ಭಾರದ ಬೈಕ್‌ಗಳಲ್ಲಿ ಅಷ್ಟು ಇಳಿಸಿದರೆ ರಿಮ್‌ಗೆ ಪೆಟ್ಟಾಗಬಹುದು. ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಿಸಲೇಬೇಕು, ಇಲ್ಲದಿದ್ದರೆ ಅಪಘಾತ ರಸ್ತೆಯಲ್ಲಿ ಕಾದಿರುತ್ತದೆ.

ಬೈಕಿನ ತೂಕದ ಬಗ್ಗೆ ಒಂದು ಮಾತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಸುಮಾರು 200 ಕಿಲೋ, ಹೀರೋ ಎಕ್ಸ್‌ಪಲ್ಸ್ ಸುಮಾರು 160 ಕಿಲೋ ತೂಗುತ್ತದೆ. ಮರಳಿನಲ್ಲಿ ಬಿದ್ದ ಇಂಥ ಬೈಕನ್ನು ಬಿಸಿಲಿನಲ್ಲಿ ಐದಾರು ಬಾರಿ ಒಬ್ಬರೇ ಎತ್ತುವುದೇ ಸೊಂಟ ಹಿಡಿಯುವುದಕ್ಕೆ ಸಾಕು. ಮೊದಲು ಇಂಜಿನ್ ಆಫ್ ಮಾಡಿ, ಇಬ್ಬರು ಸೇರಿ, ಬೆನ್ನು ಬಗ್ಗಿಸದೆ ಕಾಲಿನ ಬಲದಿಂದ ಎತ್ತಿ. ನನ್ನ ಅಭಿಪ್ರಾಯದಲ್ಲಿ ಮರಳಿನ ಮೊದಲ ಪಾಠಕ್ಕೆ ಸ್ವಂತ ದೊಡ್ಡ ಬೈಕ್‌ಗಿಂತ ಬಾಡಿಗೆಯ ಹಗುರ ಬೈಕ್ ಮೇಲು.

ನಿಂತು ಓಡಿಸುವುದು, ಭಾರ ಸರಿಸುವುದು ಮುಂತಾದ ಮೂಲಪಾಠಗಳಿಗೆ ಮರಳೇ ಬೇಕೆಂದಿಲ್ಲ. ಊರಿಗೆ ಬಂದಾಗ ಕಲಿಯಬಯಸುವವರಿಗೆ ಕೋಲಾರ ಜಿಲ್ಲೆಯಲ್ಲಿ ಬಿಗ್ ರಾಕ್ ಡರ್ಟ್‌ಪಾರ್ಕ್ ಇದೆ. ಅದನ್ನು ಕಟ್ಟಿದವರು ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ ಡಕಾರ್ ರ‍್ಯಾಲಿಯ ಬೈಕ್ ವಿಭಾಗದಲ್ಲಿ ಓಡಿದ ಮೊದಲ ಭಾರತೀಯ. ಅಂಥವರೇ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಡಕಾರ್‌ನ ನಾಲ್ಕನೇ ಹಂತದಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ರಿಯಾದ್‌ನ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಕೋಮಾದಲ್ಲಿ ಇರಿಸಬೇಕಾಯಿತು. ನಂತರ ಚೇತರಿಸಿಕೊಂಡರು. ಅಲ್ಲಿ ವೈದ್ಯರು, ಹೆಲಿಕಾಪ್ಟರ್ ಸಿದ್ಧವಿದ್ದವು. ನಮ್ಮ ವಾರಾಂತ್ಯದ ಸವಾರಿಯಲ್ಲಿ ಇರುವುದು ಗೆಳೆಯರು ಮತ್ತು ಸಿಗ್ನಲ್ ಸಿಗದ ಮೊಬೈಲ್ ಮಾತ್ರ. ಆದ್ದರಿಂದ ಒಬ್ಬರೇ ಮರಳಿಗಿಳಿಯಬೇಡಿ, ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಮೊದಲೇ ತಿಳಿದಿರಿ.

ಬಿದ್ದ ಮೇಲೆ

ಹೆಚ್ಚಿನ ಹಾನಿ ಆಗುವುದು ಬಿದ್ದ ಕ್ಷಣದಲ್ಲಿ, ನಿಜ. ಆದರೆ "ಏನೂ ಆಗಿಲ್ಲ" ಎಂದು ಮುಂದುವರಿದದ್ದರಿಂದ ಕೆಡುವುದೂ ಕಡಿಮೆಯಲ್ಲ. ಮೂರು ಪೆಟ್ಟುಗಳನ್ನು ಹೀಗೆ ಕಡೆಗಣಿಸುವುದು ಜಾಸ್ತಿ.

ಮೊದಲನೆಯದು ತಲೆಯ ಪೆಟ್ಟು. ಹೆಲ್ಮೆಟ್ ತಲೆಬುರುಡೆಯನ್ನು ಕಾಪಾಡುತ್ತದೆ, ಒಳಗೆ ಮಿದುಳು ಅಲುಗಾಡುವುದನ್ನು ಪೂರ್ತಿ ತಡೆಯಲಾರದು. ಇದರಿಂದಾಗುವ ಕನ್ಕಶನ್‌ಗೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಕವಿದಂತಿರುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಇವುಗಳಲ್ಲಿ ಒಂದಿದ್ದರೂ ಅಂದು ಮತ್ತೆ ಬೈಕ್ ಹತ್ತಬಾರದು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಚ್ಚರಿಸಲಾಗದ ನಿದ್ದೆ, ಫಿಟ್ಸ್, ಕೈಕಾಲಿನ ಬಲಹೀನತೆ, ಮೂಗು ಕಿವಿಯಿಂದ ನೀರಿನಂಥ ದ್ರವ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಲೆಗೆ ಪೆಟ್ಟಾದವರಿಗೆ ವೈದ್ಯರನ್ನು ಕೇಳದೆ ಐಬುಪ್ರೊಫೇನ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವ ಹೆಚ್ಚಬಹುದು. ಕುತ್ತಿಗೆ ನೋವಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಅಲ್ಲಾಡಿಸಬೇಡಿ. ಹೆಲ್ಮೆಟ್ ಅನ್ನೂ ಎಳೆಯಬೇಡಿ. ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ಮಾತ್ರ, ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ಸ್ಥಿರವಾಗಿ ಹಿಡಿದಿರುವಾಗ ಇನ್ನೊಬ್ಬರು ನಿಧಾನವಾಗಿ ತೆಗೆಯಬೇಕು.

ಎರಡನೆಯದು ಮಣಿಕಟ್ಟು. ಕೈಯೂರಿ ಬಿದ್ದವರಲ್ಲಿ ಹೆಬ್ಬೆರಳ ಬುಡದ ಹತ್ತಿರ ಇರುವ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಮುರಿಯುವುದುಂಟು. ಹೆಬ್ಬೆರಳನ್ನು ಎತ್ತಿ ಚಾಚಿದಾಗ ಬುಡದಲ್ಲಿ ಒಂದು ಕುಳಿ ಕಾಣುತ್ತದಲ್ಲ, ಅಲ್ಲಿ ಒತ್ತಿದರೆ ನೋವಾಗುತ್ತದೆ. ಊತ ಅಷ್ಟಿರುವುದಿಲ್ಲ, ಉಳುಕು ಎಂದುಕೊಂಡು ಮುಲಾಮು ಹಚ್ಚಿ ಬಿಡುತ್ತಾರೆ. ಮೊದಲ ಎಕ್ಸ್‌ರೇಯಲ್ಲೂ ಈ ಮುರಿತ ಕಾಣದಿರಬಹುದು. ಅದಕ್ಕೇ ವೈದ್ಯರು ಅನುಮಾನವಿದ್ದರೆ ಪಟ್ಟಿ ಹಾಕಿ, 10–14 ದಿನಗಳ ನಂತರ ಮತ್ತೆ ಎಕ್ಸ್‌ರೇ ಅಥವಾ ಎಂಆರ್‌ಐ ಮಾಡಿಸಲು ಹೇಳುತ್ತಾರೆ. ಈ ಮೂಳೆಗೆ ರಕ್ತದ ಪೂರೈಕೆ ಕಡಿಮೆ. ಗಮನಿಸದೆ ಬಿಟ್ಟರೆ ಕೂಡಿಕೊಳ್ಳದೆ, ವರ್ಷಗಳ ನಂತರ ಸಂಧಿವಾತಕ್ಕೆ ದಾರಿಯಾಗಬಹುದು. ಕೀಬೋರ್ಡ್ ಮುಂದೆ ದುಡಿಯುವವರು ಇದನ್ನು ಹಗುರಾಗಿ ಎಣಿಸಬಾರದು.

ಮೂರನೆಯದು ಹೊಟ್ಟೆ. ಹ್ಯಾಂಡಲ್ ತುದಿ ಹೊಟ್ಟೆಗೆ ತಿವಿದರೆ ಹೊರಗೆ ಗಾಯವಿಲ್ಲದೆಯೂ ಒಳಗೆ ಗುಲ್ಮ ಅಥವಾ ಯಕೃತ್ತಿನಲ್ಲಿ ರಕ್ತಸ್ರಾವವಾಗಬಹುದು. ಹೊಟ್ಟೆನೋವು ಹೆಚ್ಚುತ್ತಿದ್ದರೆ, ಎಡ ಭುಜದ ತುದಿಯಲ್ಲಿ ಕಾರಣವಿಲ್ಲದ ನೋವಿದ್ದರೆ, ಮೈ ಬೆವೆತು ತಣ್ಣಗಾಗಿ ಕಣ್ಣು ಕತ್ತಲಿಟ್ಟರೆ ಅದು ತುರ್ತು ಸ್ಥಿತಿ.

ಇವಕ್ಕೆ ಹೋಲಿಸಿದರೆ ಕೊರಳೆಲುಬಿನ ಮುರಿತ ತಾನಾಗಿಯೇ ತಿಳಿಯುತ್ತದೆ. ಭುಜದ ಮೇಲೆ ಬಿದ್ದಾಗ ಮುರಿಯುವ ಈ ಮೂಳೆ ಹೆಚ್ಚಾಗಿ ನಡುಭಾಗದಲ್ಲಿ ತುಂಡಾಗುತ್ತದೆ, ಉಬ್ಬು ಕಾಣುತ್ತದೆ, ಕೈ ಎತ್ತಲಾಗುವುದಿಲ್ಲ. ದುಪಟ್ಟಾ ಅಥವಾ ಟವೆಲಿನಿಂದ ಕೈಯನ್ನು ಕೊರಳಿಗೆ ಜೋಲಿ ಕಟ್ಟಿ ಆಸ್ಪತ್ರೆಗೆ ಹೋಗಿ. ಬೆರಳು ಜೋಮು ಹಿಡಿದಿದ್ದರೆ ಅಥವಾ ಉಸಿರಾಡುವುದು ಕಷ್ಟವಾದರೆ ಬೇಗ ಹೋಗಬೇಕು. ಬಿಸಿ ಸೈಲೆನ್ಸರ್ ತಗುಲಿ ಸುಟ್ಟರೆ ಟೂತ್‌ಪೇಸ್ಟ್ ಬೇಡ, 20 ನಿಮಿಷ ತಣ್ಣೀರು ಸುರಿಯಿರಿ. ಕಣ್ಣಿಗೆ ಮರಳು ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆಯಿರಿ. ತುರ್ತು ನೆರವಿಗೆ 112 ಅಥವಾ 108.

ಕವಚ, ನೀರು, ಬಿಸಿಲು

ಐಎಸ್‌ಐ ಗುರುತಿನ ಹೆಲ್ಮೆಟ್, ಗಾಗಲ್ಸ್, ಪಾದದ ಕೀಲನ್ನು ಬಿಗಿಹಿಡಿಯುವ ಬೂಟು, ಮೊಣಕಾಲು, ಭುಜ ಮತ್ತು ಬೆನ್ನಿನ ಕವಚ ಬೇಕೇ ಬೇಕು. ಸಾಮಾನ್ಯ ಶೂ ಸಾಲದು. ಆದರೆ ಈ ಕವಚದೊಳಗೆ ಮರಳಿನಲ್ಲಿ ಬೈಕ್ ಓಡಿಸುವುದು ಜಿಮ್‌ನಲ್ಲಿ ಬೆವರಿದಂತೆಯೇ. ಬಾಯಾರುವ ತನಕ ಕಾಯದೆ ನೀರು ಕುಡಿಯಿರಿ, ಓಆರ್‌ಎಸ್ ಜೊತೆಗಿರಲಿ. ಬಿಸಿಲಿನಲ್ಲಿ ಯಾರಾದರೂ ತಡವರಿಸಿ ಮಾತಾಡತೊಡಗಿದರೆ, ಮೈ ಸುಡುತ್ತಿದ್ದರೆ ನೆರಳಿಗೆ ಕರೆತಂದು, ಕವಚ ಬಿಚ್ಚಿ, ನೀರು ಸುರಿದು ಗಾಳಿ ಬೀಸುತ್ತಾ ಆಂಬುಲೆನ್ಸ್ ಕರೆಯಿರಿ. ಆಯಾಸವಾದ ಮೇಲೆ "ಇನ್ನೊಂದೇ ಸುತ್ತು" ಎಂದು ಹೊರಡಬೇಡಿ.

ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಮೂಳೆ ಸವೆತ ಇರುವವರು ವೈದ್ಯರನ್ನು ಕೇಳದೆ ಮರಳಿಗಿಳಿಯಬಾರದು. ಕೊರಳೆಲುಬು ಮುರಿದವರು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಕಾಯಬೇಕಾಗುತ್ತದೆ. ಕನ್ಕಶನ್ ಆದವರು ಎಲ್ಲ ಲಕ್ಷಣಗಳೂ ಹೋಗಿ, ವೈದ್ಯರು ಒಪ್ಪಿದ ಮೇಲಷ್ಟೇ ಮತ್ತೆ ಬೈಕ್ ಹತ್ತಬೇಕು.